ಹಾಲ್ಮೆಯ ರಾಣಿಗೆ ಬಂದ ನಾಲ್ಕನೆಯ ಸಂಬಂಧ

ಅವನ ಗಡ್ಡಕ್ಕೆ ಹಚ್ಚಿದ ಗುಲಾಬಿ ಎಣ್ಣೆ ಬಿಸಿಲಿಗೆ ಕರಗಿ ಕತ್ತಿನ ಕಡೆ ಇಳಿಯುತ್ತಿದೆ, ಒಂದು ಹನಿ, ಈಗ ಇನ್ನೊಂದು, ಮೇಲುವಸ್ತ್ರದ ಕೆನ್ನೇರಳೆ ಅಂಚಿಗೆ ತಾಗಿ ಕಪ್ಪಗೆ ಹರಡಿತು, ಪಾಪ ಅವನಿಗೆ ಗೊತ್ತೇ ಇಲ್ಲ, ಮಾತಾಡುತ್ತಲೇ ಇದ್ದಾನೆ, ಹೆಗೇಸಾಂದ್ರೋಸ್, ಕಡಲಾಚೆಯ ದೊಡ್ಡರಾಜನ ರಾಯಭಾರಿ, ಎರಡು ದಿನದಿಂದ ನನ್ನ ಅರಮನೆಯ ಅತಿಥಿ, ತಣ್ಣನೆಯ ದ್ರಾಕ್ಷಾರಸ ಕುಡಿದು ಮೆತ್ತನೆಯ ಹಾಸಿಗೆಯಲ್ಲಿ ಮಲಗಿ ಎದ್ದವನು, ಒಳಕೋಣೆಯಲ್ಲೇ ಕೂತು ಮಾತಾಡೋಣ ಎಂದರೆ ಒಪ್ಪಲಿಲ್ಲ, ಬೇಡಿ ರಾಣಿಯವರೇ, ಹಾಲ್ಮೆಯ ಜನರ ಎದುರಿಗೇ ಆಗಿಬಿಡಲಿ ಅಂದ, ಜನ ಕೇಳಲಿ ಅಂತ, ಕೇಳಿ ಹೆದರಲಿ ಅಂತ — ಸರಿ, ಆಗಲಿ, ಬಯಲು ರಂಗಮಂದಿರದ ಕಲ್ಲುಮೆಟ್ಟಿಲುಗಳ ಮೇಲೆ ಊರಿಗೆ ಊರೇ ಕೂತಿದೆ, ಮೀನಿಗೆ ಉಪ್ಪು ಹಾಕುವ ಹೆಂಗಸರು, ಹಗ್ಗ ಹೊಸೆಯುವವರು, ಈಟಿ ಊರಿಕೊಂಡ ಸೈನಿಕರು, ಹುರಿಗಡಲೆ ಅಗಿಯುವುದನ್ನೂ ನಿಲ್ಲಿಸಿ ನೋಡುತ್ತಿದ್ದಾರೆ, ನನ್ನನ್ನಲ್ಲ, ನನ್ನ ಬೆನ್ನ ಹಿಂದಿನ ಕಡಲನ್ನು, ಅಲ್ಲಿ ಭೂಶಿರದ ಮರೆಯಲ್ಲಿ ದೊಡ್ಡರಾಜನ ನಲವತ್ತು ಯುದ್ಧದ ಹಡಗು ಬಂದು ನಿಂತು ಇವತ್ತಿಗೆ ನಾಲ್ಕು ದಿನ — ಏನಂದ ಈಗ, ವಿಧವೆ, ಹೌದು, ಆಸರೆ ತಪ್ಪಿದ ವಿಧವೆ ಅಂದ, ಥೆರೋನ್ ಸತ್ತು ಮೂರು ತಿಂಗಳಾಯಿತು, ನನ್ನ ಮೂರನೆಯ ಗಂಡ, ಅವನ ಸಾವಿನ ಗುರುತಿಗೆ ಕಟ್ಟಿದ ಸೈಪ್ರೆಸ್ ಕೊಂಬೆ ಬಾಗಿಲಲ್ಲಿ ಇನ್ನೂ ಪೂರ್ತಿ ಒಣಗಿಲ್ಲ, ಆಗಲೇ ನಾಲ್ಕನೆಯ ಸಂಬಂಧ ಮನೆಗೆ ಬಂದಿದೆ, ಮಹಾರಾಜರ ಉದಾರ ಮನಸ್ಸು ನೋಡಿ ಎನ್ನುತ್ತಾನೆ, ಎರಡು ದಾರಿ ಬಿಟ್ಟುಕೊಟ್ಟಿದ್ದಾರೆ, ತಾವೇ ಮಹಾರಾಜರ ಕೈ ಹಿಡಿಯಬಹುದು, ಇಲ್ಲವೇ ತಮ್ಮ ಮಗಳನ್ನು ಯುವರಾಜರಿಗೆ ಕೊಡಬಹುದು, ಯಾವುದಾದರೂ ಸಂತೋಷವೇ, ಈ ಬಂದರು ಬಳುವಳಿಯಾಗಿ ಬಂದರೆ ಸಾಕು — ಬಂದರು ಬಳುವಳಿ, ನಾಲಗೆ ತೊಡರದೆ ಹೇಳಿಬಿಟ್ಟ, ನನ್ನ ಎಡಗಡೆ ಅದೆಯಾ ಕೂತಿದ್ದಾಳೆ, ನನ್ನ ಒಬ್ಬಳೇ ಮಗಳು, ಹತ್ತೊಂಬತ್ತು ತುಂಬಿದೆ, ಮುಸುಕಿನ ಅಂಚನ್ನು ಬೆರಳಿಗೆ ಸುತ್ತುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಸುತ್ತುತ್ತಾಳೆ, ಬೆರಳ ತುದಿ ಬಿಳಿಚಿಕೊಂಡಿದೆ.

ಹತ್ತೊಂಬತ್ತು, ನನಗೆ ಹದಿನೆಂಟು ಆಗ, ಗುಡ್ಡದ ನಾಡಿನಲ್ಲಿ ಅಪ್ಪ ರಾಜ ಅಂದರೆ ರಾಜ, ಆದರೆ ಅರಮನೆಯ ಅಂಗಳದಲ್ಲಿ ಆಡುಗಳು ಮಲಗುತ್ತಿದ್ದವು, ನಾನು ಹೇಸರಗತ್ತೆಗೆ ಹುಲ್ಲು ಹಾಕುತ್ತಿದ್ದೆ, ದಾದಿ ಮಿರ್ತೋ ಓಡಿ ಬಂದಳು, ಏದುಸಿರು, ಏಳು ಮಗಾ ಏಳು, ಕೈ ತೊಳ್ಕೋ, ನಿನ್ನ ಕೊಟ್ಟಾಯ್ತು ಅಂದಳು, ಯಾರಿಗೆ ಅಂದೆ, ಹಾಲ್ಮೆಯ ದೊರೆಗಂತೆ, ಹಾರ್ಪಲೋಸ್ ಅಂತ, ವಯಸ್ಸೆಷ್ಟು ಅಂದೆ, ಅದನ್ನ ಕೇಳ್ಬೇಡ, ಅವನ ಹತ್ರ ಎಪ್ಪತ್ತು ಹಡಗು ಇವೆ, ಅದನ್ನ ಕೇಳು ಅಂದಳು, ಹೊಟ್ಟೆ ಹಿಡಿದು ನಕ್ಕಳು, ಆಮೇಲೆ ಅದೇ ಉಸಿರಲ್ಲಿ ಅತ್ತಳು — ಅಪ್ಪನ ಮುಂದೆ ಹೋಗಿ ನಿಂತೆ, ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಎಂದೆ, ಅಪ್ಪ ನಿಜವಾಗಿಯೂ ಬೆರಗಾಗಿ ನೋಡಿದ, ಸಿಟ್ಟೇ ಇರಲಿಲ್ಲ ಆ ಕಣ್ಣಲ್ಲಿ, ನಿನ್ನನ್ನ ಕೇಳೋದೇನೇ ಇದ್ರಲ್ಲಿ, ನಮಗೆ ಕಡಲು ಬೇಕು, ಅವ್ರಿಗೆ ಮರ ಬೇಕು ಅಂದ, ಅಷ್ಟೇ, ನಾನು ಗುಡ್ಡ ಇಳಿದೆ, ಕಡಲನ್ನು ಮೊದಲ ಸಲ ಕಂಡು ಇದೇನು ಆಕಾಶ ಕೆಳಗೆ ಬಿದ್ದಿದೆ ಎಂದುಕೊಂಡೆ, ಹಾರ್ಪಲೋಸ್ ಬಾಗಿಲಲ್ಲಿ ನಿಂತಿದ್ದ, ಬಿಳಿ ತಲೆ, ಮುಂದಿನ ಮೂರು ಹಲ್ಲಿಲ್ಲ, ಜವೆಗೋದಿಯ ರೊಟ್ಟಿಯನ್ನು ದ್ರಾಕ್ಷಾರಸದಲ್ಲಿ ನೆನೆಸದೆ ತಿನ್ನಲಾರ, ನನ್ನ ಕೈ ಹಿಡಿದು ಹೆದರ್ಕೋಬೇಡ ಹುಡುಗಿ, ನಿನ್ನ ಕಂಡ್ರೆ ನನಗೂ ಹೆದರಿಕೆನೇ ಅಂದ — ಆರು ವರ್ಷ, ಗಂಡ ಎಂದು ಕರೆಯಲು ನಾಲಗೆ ಹೊರಳಲಿಲ್ಲ, ಗುರು ಎಂದರೆ ಸರಿಯಾದೀತು, ದಿನಾ ಬೆಳಿಗ್ಗೆ ಹಡಗುಕಟ್ಟೆಗೆ ಕರೆದುಕೊಂಡು ಹೋಗುತ್ತಿದ್ದ, ರಾಣಿಗೆ ಇಲ್ಲೇನು ಕೆಲಸ ಎಂದು ಆಸ್ಥಾನದವರು ಮೂಗು ಮುರಿದರೂ ಬಿಡಲಿಲ್ಲ, ಇಲ್ಲಿ ನೋಡು, ಒಂದು ಹಡಗಲ್ಲಿ ನೂರಾ ಎಪ್ಪತ್ತು ಜನ ಅಂಬಿಗರು ಕೂರ್ತಾರೆ, ಇನ್ನು ನೀರಿನ ಜಾಡಿ ಇಡೋಕೆ ಜಾಗ ಎಲ್ಲಿದೆ ಹೇಳು ಅಂದ, ನಾನು ಬಗ್ಗಿ ಹುಡುಕಿದೆ, ಎಲ್ಲೂ ಇಲ್ಲ ಎಂದೆ, ಹಾಂ, ಅದೇ, ಎದುರು ಹಡಗಿಗೆ ಗುದ್ದೋಕೆ ಮೂತಿಗೆ ಬಡಿದಿರೋ ಕಂಚು ನೋಡಿ ಎಲ್ರೂ ಹೆದರ್ತಾರೆ, ನಾನು ಮಾತ್ರ ಇವರು ನಾಳೆ ಎಲ್ಲಿ ನೀರು ಕುಡೀತಾರೆ ಅಂತ ನೋಡ್ತೀನಿ ಅಂದ, ಹಲ್ಲಿಲ್ಲದ ಬಾಯಿ ತುಂಬ ನಕ್ಕ, ಆ ನಗು ಈಗಲೂ ಕಿವಿಯಲ್ಲಿದೆ, ಅಂಬಿಗರ ಹೆಸರು ಒಂದೊಂದಾಗಿ ಕಲಿತೆ, ಉಗ್ಗುವ ಬಾತ್ತೋಸ್ ಆಗ ಕೆಳಸಾಲಿನಲ್ಲಿ ಹುಟ್ಟು ಎಳೆಯುತ್ತಿದ್ದ, ಇವತ್ತು ಅವನೇ ನನ್ನ ನೌಕಾಪಡೆಯ ಮುಖ್ಯಸ್ಥ, ಅಗೋ ಮೂರನೆಯ ಸಾಲಿನ ತುದಿಯಲ್ಲಿ ಕೂತಿದ್ದಾನೆ, ಮಂಡಿಯ ಮೇಲೆ ಎರಡು ದಪ್ಪ ಕೈ.

ಹಾರ್ಪಲೋಸ್ ಚಳಿಗಾಲದಲ್ಲಿ ಕೆಮ್ಮಿ ಕೆಮ್ಮಿ ಸತ್ತ, ಚಿತೆಯ ಬೂದಿಗೆ ದ್ರಾಕ್ಷಾರಸ ಚಿಮುಕಿಸುವ ಹೊತ್ತಿಗೇ ಅವನ ಮಗ ಸಿರ್ರಾಸ್ ನನ್ನ ಪಕ್ಕ ಬಂದು ನಿಂತ, ಮೊದಲನೆಯ ಹೆಂಡತಿಯ ಮಗ, ನನಗಿಂತ ಹದಿನಾಲ್ಕು ವರ್ಷ ದೊಡ್ಡವನು, ನಿನ್ನೆಯವರೆಗೆ ನನ್ನನ್ನು ಚಿಕ್ಕಮ್ಮ ಎನ್ನುತ್ತಿದ್ದವನು ಬಾಯಿಗೆ ಕೈ ಅಡ್ಡ ಹಿಡಿದು ಹತ್ತನೇ ದಿನ ಮದುವೆ, ಸಿದ್ಧವಾಗಿರು ಅಂದ, ಸತ್ತ ರಾಜನ ರಾಣಿ ಯಾರ ಪಕ್ಕದಲ್ಲಿ ಕೂರುತ್ತಾಳೋ ಗದ್ದುಗೆ ಅವನದು, ಇಲ್ಲಿ ಹಾಗೇ, ಎಲ್ಲ ರಾಜ್ಯದಲ್ಲೂ ಹಾಗೇ, ಯಾರಿಗೂ ಅದರಲ್ಲಿ ವಿಚಿತ್ರ ಕಾಣಲಿಲ್ಲ, ನನ್ನನ್ನು ಯಾರೂ ಕೇಳಲೂ ಇಲ್ಲ, ಎರಡನೆಯ ಸಲವೂ ಇಲ್ಲ — ಅದೆಯಾ ಹುಟ್ಟಿದಳು, ಅಷ್ಟು ಮಾತ್ರ ಅವನಿಂದ ಬಂದ ಒಳ್ಳೆಯದು, ಉಳಿದಂತೆ ಅವನು ಕನ್ನಡಿ, ಸುಗಂಧ, ಬೇಟೆನಾಯಿ, ಮಗುವಿಗೆ ಮೂರು ತುಂಬುವಾಗ ಅವನಿಗೆ ನನಗಿಂತ ದೊಡ್ಡ ಸಂಬಂಧ ಬಂತು, ದ್ವೀಪದ ರಾಜನ ತಂಗಿ, ಅವಳ ಹಡಗು ಬಂದರಿಗೆ ಬರುವ ಮೊದಲು ನನ್ನನ್ನು ಹೇಸರಗತ್ತೆಯ ಮೇಲೆ ಕೂರಿಸಿ ಭೂಶಿರದ ತುದಿಗೆ, ಆರ್ತೆಮಿಸ್ ದೇವಿಯ ಗುಡಿಗೆ ಅಟ್ಟಿದರು, ದೇವಿಯ ಸೇವೆ ಮಾಡ್ಕೊಂಡಿರು ಅಂದ, ಮಗು ಅಂದೆ, ಮಗು ರಾಜನದು ಅಂದ, ಕನ್ನಡಿಯಿಂದ ಮುಖ ತಿರುಗಿಸದೆ ಅಂದ, ಅದೆಯಾ ನನ್ನ ಕೊರಳಿನಿಂದ ಬೆರಳು ತೆಗೆಯಲಿಲ್ಲ, ಒಂದೊಂದೇ ಬೆರಳನ್ನು ಆಳುಗಳು ಬಿಡಿಸಿದರು — ಅದನ್ನು ನೆನೆಯುವುದು ಬೇಡ, ನೆನೆಯದೆ ಇರಲು ನಾಲ್ಕು ವರ್ಷ ನೀರು ಹೊತ್ತೆ, ಗುಡಿ ಮೇಲೆ, ಒರತೆ ಕೆಳಗೆ ಬಂಡೆಯ ನಡುಮಧ್ಯೆ, ಗುಡಿಯಿಂದ ಕಡಲ ದಡದವರೆಗೆ ಬಂಡೆಯಲ್ಲಿ ಕಡಿದ ಇನ್ನೂರ ಹನ್ನೆರಡು ಮೆಟ್ಟಿಲು, ಒಬ್ಬರು ಇಳಿದರೆ ಇನ್ನೊಬ್ಬರು ಹತ್ತಲಾಗದಷ್ಟು ಕಿರಿದು, ಆ ಕಡೆ ಕರಾವಳಿಗೆಲ್ಲ ಅದೊಂದೇ ಸಿಹಿನೀರು, ಮಿರ್ತೋ ಯಾರೂ ಕರೆಯದೆಯೇ ನನ್ನ ಹಿಂದೆ ಬಂದಿದ್ದಳು, ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತ ಬೈಯುತ್ತಿದ್ದಳು, ರಾಣಿಯಂತೆ ರಾಣಿ, ನೋಡು ನಿನ್ನ ಅಂಗೈ, ನನ್ನ ಹಿಮ್ಮಡಿ ವಾಸಿ, ಮಗಾ, ಆ ಸಿರ್ರಾಸನ ಬಾಯಿಗೆ ಈ ಹೂಜಿ ಮಗುಚಿ ಹಾಕ್ಬೇಕು ಅಂತ, ನಾನು ನಗುತ್ತಿದ್ದೆ, ಅಳು ಬರುವ ಕಡೆಯಿಂದಲೇ ನಗು ಬರುತ್ತಿತ್ತು, ಬೇಸಿಗೆಯಲ್ಲಿ ಗುಡ್ಡದ ನಾಡಿನ ಕುರುಬರು ಆಡುಗಳಿಗೆ ನೀರು ಕುಡಿಸಲು ಮೇಲಿನ ಕಾಲುದಾರಿಯಿಂದ ಇಳಿದು ಬರುತ್ತಿದ್ದರು, ಅಪ್ಪನ ಜನ, ನನ್ನ ಜನ, ಅಕ್ಕಾ, ನಮ್ಮ ಹುಡುಗಿ ಅಲ್ವಾ ನೀನು, ನಿನ್ನ ಕೈಲಿ ನೀರು ಹೊರಿಸ್ತಾರಾ ಇವರು ಎಂದು ಹಲ್ಲು ಕಡಿದರು, ಚೀಸು ಕೊಟ್ಟರು, ಜೇನು ಕೊಟ್ಟರು, ಯಾವ ಬಂಡೆಯ ಹಿಂದೆ ಎಷ್ಟು ಜನ ಅಡಗಬಹುದು, ಯಾವ ಮೆಟ್ಟಿಲಲ್ಲಿ ಒಬ್ಬನೇ ನಿಂತು ಐವತ್ತು ಜನರನ್ನು ತಡೆಯಬಹುದು, ಸುಮ್ಮನೆ ಹೊತ್ತು ಕಳೆಯಲು ಆಡಿದ ಮಾತು ಅವೆಲ್ಲ.

ಆಮೇಲೆ ಥೆರೋನ್ ಬಂದ, ನೆರೆರಾಜ್ಯದ ಸೇನಾಪತಿ, ನದಿಯ ಬಯಲಿನ ಯುದ್ಧದಲ್ಲಿ ಸಿರ್ರಾಸನನ್ನು ಕೊಂದವನು, ದ್ವೀಪದ ಹೆಂಡತಿ ಅಣ್ಣನ ಮನೆಗೆ ಓಡಿದಳು, ಥೆರೋನ್ ಊರೊಳಗೆ ಬಂದು ಗದ್ದುಗೆಯ ಮೇಲೆ ಕೂತ, ಕೂತರೂ ಹಡಗುಗಳು ಕದಲಲಿಲ್ಲ, ಅಂಬಿಗರೆಲ್ಲ ಹುಟ್ಟುಗಳನ್ನು ಮನೆಗೆ ಹೊತ್ತುಕೊಂಡು ಹೋಗಿ ಸೂರಿಗೆ ಸಿಕ್ಕಿಸಿ ಕೂತುಬಿಟ್ಟರು, ಬಾತ್ತೋಸ್ ಎದ್ದು ನಿಂತು ಹಾ-ಹಾರ್ಪಲೋಸನ ರಾಣಿ ಬರ್ಲಿ, ಆ-ಆಮೇಲೆ ನೋಡೋಣ ಅಂದನಂತೆ, ಅಲ್ಲಿಯವರೆಗೆ ಅವನಾಡಿದ ಅತಿ ಉದ್ದದ ಮಾತು ಅದು, ಹಾಗಾಗಿ ಗೆದ್ದವನೇ ಮೆಟ್ಟಿಲು ಹತ್ತಿ ಬಂದ, ದಢೂತಿ ಆಳು, ಒಂದು ಕಿವಿ ಇಲ್ಲ, ಮೇಲೆ ಬರುವ ಹೊತ್ತಿಗೆ ಬಾಯಲ್ಲಿ ಉಸಿರು, ಮೊದಲು ನೀರು ಕೊಡಮ್ಮಾ ಅಂದ, ನಾನೇ ರಾಣಿ ಎಂದು ಅವನಿಗೆ ಗೊತ್ತಿರಲಿಲ್ಲ, ಹೂಜಿ ಇಟ್ಟುಕೊಂಡ ಹೆಂಗಸು ಎಂದುಕೊಂಡಿದ್ದ, ಕುಡಿಸಿದೆ, ಕುಡಿದ ಮೇಲೆ ಹೇಳಿದೆ, ಮುಖ ಕೆಂಪಾಯಿತು, ಅಂಥ ಗಂಡಸಿನ ಮುಖ ಕೆಂಪಾದದ್ದನ್ನು ಅದೇ ಮೊದಲು ನೋಡಿದ್ದು, ಹಾಗಾದ್ರೆ ಸುತ್ತಿ ಬಳಸೋದು ಬೇಡ, ನನಗೆ ನೀನು ಬೇಕು, ನೀನಿಲ್ದೆ ಈ ಊರು ನನ್ನ ಮಾತು ಕೇಳೋದಿಲ್ಲ ಅಂದ, ಕೇಳುತ್ತದೆ, ಮೂರು ಮಾತು ಒಪ್ಪಿಕೊಂಡರೆ ಕೇಳುತ್ತದೆ ಎಂದೆ, ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು, ಒಂದು, ನನ್ನ ಮಗಳು ಇವತ್ತು ಸಂಜೆಯೊಳಗೆ ನನ್ನ ತೊಡೆಯ ಮೇಲಿರಬೇಕು, ಆಯ್ತು ಅಂದ, ಎರಡು, ಬಂದರಿನ ಮುದ್ರೆಯುಂಗುರ ನನ್ನ ಬೆರಳಲ್ಲಿರಬೇಕು, ಮುದ್ರೆನಾ, ಎಂದು ತಲೆ ಕೆರೆದುಕೊಂಡ, ಆಯ್ತು, ನನಗೆ ಓದೋಕೂ ಸರಿಯಾಗಿ ಬರೋದಿಲ್ಲ ಅಂದ, ಮೂರು, ಮಗಳು ಬೆಳೆದ ಮೇಲೆ ಅವಳನ್ನು ಕೇಳದೆ ಯಾರಿಗೂ ಕೊಡಬಾರದು — ಇದು ಮಾತ್ರ ಅವನಿಗೆ ಅರ್ಥವಾಗಲೇ ಇಲ್ಲ, ಅವಳನ್ನ ಕೇಳೋದಾ, ಯಾರು ಕೇಳ್ತಾರೆ ಅವಳನ್ನ ಅಂದ, ನಾನು ಕೇಳುತ್ತೇನೆ ಎಂದೆ, ಅವನು ಬಂಡೆ ನಡುಗುವ ಹಾಗೆ ನಕ್ಕ, ಕೇಳ್ಕೋ ತಾಯಿ, ನಿನ್ನ ಮಗಳು, ಎಂದು ದೇವಿಯ ಪೀಠ ಮುಟ್ಟಿ ಆಣೆ ಮಾಡಿದ, ಹನ್ನೆರಡು ವರ್ಷ ಆಣೆ ಮೀರಲಿಲ್ಲ, ಅದೂ ನಿಜ, ಅವನನ್ನು ಇಷ್ಟಪಡುವ ಅಗತ್ಯವಿರಲಿಲ್ಲ, ಆದರೂ ಯಾವಾಗಲೋ ಇಷ್ಟಪಟ್ಟೆ, ಅವನು ಕುದುರೆ ಪಡೆ ನೋಡಿಕೊಂಡ, ನಾನು ಉಳಿದದ್ದನ್ನೆಲ್ಲ, ಜ್ವರದಲ್ಲಿ ಕೊನೆಯ ದಿನ ಕೈ ಹಿಡಿದು ಆವತ್ತಿನ ನೀರು ಚೆನ್ನಾಗಿತ್ತು ಕಣೇ ಅಂದ — ಆ ಸಂಜೆ ಅಂದರೆ ಹನ್ನೆರಡು ವರ್ಷದ ಹಿಂದಿನ ಸಂಜೆ, ಏಳು ವರ್ಷದ ಹುಡುಗಿ ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ನೀವು ಯಾರು ಅಂದಳು, ನೀವು ಎಂದಳು, ಮೂರು ವಾರ ಹಾಗೇ ಅಂದಳು, ಆಮೇಲೆ ಒಂದು ಬೆಳಿಗ್ಗೆ ತಲೆ ಬಾಚುವಾಗ ಅಮ್ಮ, ಮೆಲ್ಲಗೆ, ಎಳೀಬೇಡ ಅಂದಳು.

ಹೆಗೇಸಾಂದ್ರೋಸ್ ನಿಲ್ಲಿಸಿದ, ಹೌದು, ನಿಲ್ಲಿಸಿದ್ದಾನೆ, ಗಂಟಲು ಸರಿಮಾಡಿಕೊಂಡು ಕೈ ಮುಂದೆ ಚಾಚಿ ರಾಣಿಯವರ ಉತ್ತರಕ್ಕೆ ಕಾಯ್ತಾ ಇದ್ದೀವಿ ಅಂದ, ನಾನು ಎದ್ದೆ, ನಲವತ್ತನಾಲ್ಕು ವರ್ಷದ ಹೆಂಗಸು, ಉಡುಪಿನ ನೆರಿಗೆ ಸರಿಮಾಡಿಕೊಂಡೆ, ರಾಯಭಾರಿಗಳೇ, ನನ್ನ ವಿಷಯ ಮೊದಲು ಮುಗಿಸಿಬಿಡ್ತೀನಿ, ನನಗೆ ಮೂರು ಮದುವೆ ಆಗಿದೆ, ಸಾಕು, ಹೊಟ್ಟೆ ತುಂಬಿದೆ ಎಂದೆ, ಉಪ್ಪುಮೀನಿನ ಹೆಂಗಸರ ಸಾಲಿನಿಂದ ಒಂದು ನಗು ಹಾರಿತು, ಇನ್ನು ಮಗಳ ವಿಷಯ, ಅದಕ್ಕೆ ನಾನು ಉತ್ತರ ಕೊಡೋಕೆ ಬರೋದಿಲ್ಲ, ಎಂದು ತಿರುಗಿದೆ, ಇಪ್ಪತ್ತಾರು ವರ್ಷದ ಹಿಂದೆ ಅಂಗಳದಲ್ಲಿ ಹುಲ್ಲು ಹಿಡಿದು ನಿಂತವಳಿಗೆ ಯಾರೂ ಹೇಳದ ಮಾತು, ಮಗಳೇ ಅದೆಯಾ, ಆ ಯುವರಾಜನನ್ನ ಮದುವೆ ಆಗೋಕೆ ನಿನಗೆ ಇಷ್ಟ ಇದೆಯಾ — ರಾಯಭಾರಿಯ ಬಾಯಿ ತೆರೆದೇ ಇತ್ತು, ಯಾರೋ ಬೇಡ ಅನ್ನು ಮಗಳೇ ಎಂದು ಕೂಗಿದರು, ಇನ್ಯಾರೋ ಸುಮ್ನಿರೇ, ಅವಳೇ ಹೇಳ್ಲಿ ಎಂದು ಗದರಿದರು, ಅದೆಯಾ ಬೆರಳಿನಿಂದ ಮುಸುಕು ಬಿಚ್ಚಿಕೊಂಡು ಎದ್ದಳು, ಇಲ್ಲ ಅಮ್ಮ, ಅವರನ್ನ ನಾನು ನೋಡೇ ಇಲ್ಲ, ಅವರೂ ನನ್ನನ್ನ ನೋಡಿಲ್ಲ, ಬಂದರನ್ನ ಮಾತ್ರ ಚೆನ್ನಾಗಿ ನೋಡಿದ ಹಾಗಿದೆ ಅಂದಳು, ಕಲ್ಲುಮೆಟ್ಟಿಲೇ ನಕ್ಕ ಹಾಗೆ ಆಯಿತು, ಸೈನಿಕರು ಈಟಿಯ ಬುಡದಿಂದ ನೆಲ ಕುಟ್ಟಿದರು, ನನ್ನ ಮಗಳು, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ದನಿ ಒಂದಿಷ್ಟೂ ನಡುಗಲಿಲ್ಲವಲ್ಲ ಇವಳಿಗೆ — ಹೆಗೇಸಾಂದ್ರೋಸನ ಮುಖದ ನಯವೆಲ್ಲ ಹೋಯಿತು, ನಗಿ, ಎಲ್ಲರೂ ನಗಿ, ಆದರೆ ರಾಣಿಯವರು ಒಂದು ಮರೆತ ಹಾಗಿದೆ, ಅಲ್ಲಿ ನಲವತ್ತು ಹಡಗು ನಿಂತಿವೆ, ಏಳು ಸಾವಿರ ಜನ, ನಾನು ಒಂದು ಮಾತು ಕಳಿಸಿದರೆ ಸಾಕು ಅಂದ, ನಗು ನಿಂತಿತು, ಮರೆತಿಲ್ಲ ಎಂದೆ, ಪಾಪ ಅವರು, ನೀರು ಕುಡಿದು ಎಷ್ಟು ಹೊತ್ತಾಯ್ತು?

ಅವನಿಗೆ ಅರ್ಥವಾಗಲಿಲ್ಲ, ಹೇಗೆ ಆಗಬೇಕು, ಎರಡು ದಿನದಿಂದ ನನ್ನ ನೆಲಮಾಳಿಗೆಯ ತಂಪಿನಲ್ಲಿ ಕೂತು ದ್ರಾಕ್ಷಾರಸ ಕುಡಿದವನಿಗೆ, ಹೇಳಿದೆ, ಊರೆಲ್ಲ ಕೇಳಲಿ ಎಂದೇ ನಿಧಾನವಾಗಿ ಹೇಳಿದೆ, ನೀವು ಮೊನ್ನೆ ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗಲೇ ಅಪ್ಪನ ನಂತರ ಗುಡ್ಡದ ನಾಡು ಆಳುತ್ತಿರುವ ನನ್ನ ಅಣ್ಣನ ಇನ್ನೂರು ಜನ ಗುಡ್ಡದವರು ಮೇಲಿನ ಕಾಲುದಾರಿಯಿಂದ ಇಳಿದು ಒರತೆಯ ಮೆಟ್ಟಿಲ ಮೇಲೆ ಕೂತಿದ್ದಾರೆ, ನಿಮ್ಮವರು ಮೂರು ಸಲ ಹತ್ತೋಕೆ ನೋಡಿದ್ರು, ಒಬ್ಬೊಬ್ಬರೇ ಹತ್ತಬೇಕಲ್ಲ, ಆಗಲಿಲ್ಲ, ಯಾರೂ ಸತ್ತಿಲ್ಲ, ಒಂದಿಬ್ಬರ ಮಂಡಿ ತರಚಿದೆ ಅಷ್ಟೇ, ದಕ್ಷಿಣಕ್ಕೆ ಹೋಗೋಣ ಅಂದ್ರೆ ತೆಂಕಣ ಗಾಳಿ ಎದುರು ನಿಂತಿದೆ, ಆ ಕಡೆ ಮುಂದಿನ ಸಿಹಿನೀರು ಎರಡು ದಿನದ ದಾರಿ, ಈ ಕಡೆ ನನ್ನ ಬಂದರು, ಅದರ ಬಾಯಿಗೆ ಅಡ್ಡ ಸರಪಳಿ ಹಾಕಿದೆ — ನೀರಿಲ್ಲದೆ ಅವರು ಎಷ್ಟು ತಡೀಬಹುದು ಬಾತ್ತೋಸ್ ಎಂದು ಮೊನ್ನೆ ಕೇಳಿದಾಗ ಅವನು ಆಕಾಶ ನೋಡಿ ಎ-ಎರಡು ದಿನ ರಾಣಿಯಮ್ಮ, ಅ-ಅದೂ ಹೆಚ್ಚು, ಈ ಬಿಸಿಲಲ್ಲಿ ಅಂದಿದ್ದ, ಯಾರನ್ನೂ ಕೊಲ್ಲುವುದು ಬೇಡ ಎಂದಿದ್ದೆ, ಹುಟ್ಟು ಎಳೆಯುವವರು ಎಲ್ಲ ಕಡೆಯೂ ಒಂದೇ, ಅವರನ್ನೂ ಯಾರೂ ಕೇಳಿ ಹಡಗು ಹತ್ತಿಸಿರುವುದಿಲ್ಲ — ರಾಯಭಾರಿ ಇದು ಅತಿಥಿಗೆ ಮಾಡೋ ಮೋಸ ಎಂದು ಶುರು ಮಾಡಿದ, ಅತಿಥಿಗೆ ಎರಡು ದಿನ ಯಾವುದಕ್ಕೂ ಕಡಿಮೆ ಮಾಡಿಲ್ಲ ಎಂದೆ, ಕಡಲದೇವರು ಪೊಸೈದೋನನ ಬಲಿಪೀಠ ಇಲ್ಲೇ ಇದೆ, ಈ ತೀರಕ್ಕೆ ಮತ್ತೆ ಕಂಚಿನ ಮೂತಿ ತರೋದಿಲ್ಲ ಅಂತ ಮಹಾರಾಜರ ಹೆಸರಲ್ಲಿ ಆಣೆ ಮಾಡಿ, ಈಗಲೇ ಸರಪಳಿ ಇಳಿಸ್ತೀನಿ, ಹೊಟ್ಟೆ ತುಂಬ ನೀರು ಕುಡಿದು ಮನೆಗೆ ಹೋಗಲಿ, ಅವನು ಬೆವರು ಒರೆಸಿಕೊಂಡು ನಮ್ಮ ನೌಕಾಧಿಪತಿ ಇದಕ್ಕೆಲ್ಲ ಬಗ್ಗೋನಲ್ಲ, ಅವನು ಸಾಯ್ತಾನೆ ಹೊರತು — ಅಷ್ಟರಲ್ಲಿ ಮೇಲಿನ ಸಾಲಿನವರು ಎದ್ದು ನಿಂತರು, ಒಬ್ಬರು, ಹತ್ತು ಜನ, ಇಡೀ ಸಾಲು, ಅದರ ಕೆಳಗಿನ ಸಾಲು, ಕಡಲ ಕಡೆ ನೋಡುತ್ತಿದ್ದಾರೆ, ಮಿರ್ತೋ ಮುದುಕಿ ನನ್ನ ಹಿಂದಿನಿಂದ ತೋಳು ಹಿಡಿದೆಳೆದು ತಿರುಗೇ ಮಗಾ, ತಿರುಗಿ ನೋಡೇ ಅಂದಳು, ಬಾತ್ತೋಸ್ ಎದ್ದು ನಿಂತು ಅಳುತ್ತಿದ್ದಾನೆ, ಉಗ್ಗದೆ ಅಳುತ್ತಿದ್ದಾನೆ, ತಿರುಗಿದೆ, ಬಿಸಿಲಿಗೆ ಕಣ್ಣು ಕುಕ್ಕಿತು, ಭೂಶಿರದ ಮೂಲೆ ದಾಟಿ ಮೊದಲ ಹಡಗು ಬರುತ್ತಿದೆ, ತೆಂಕಣ ಗಾಳಿಯೇ ಮೆಲ್ಲಗೆ ತಳ್ಳಿಕೊಂಡು ಬರುತ್ತಿದೆ, ಯಾರೂ ಹುಟ್ಟು ಹಾಕುತ್ತಿಲ್ಲ, ಹುಟ್ಟುಗಳೆಲ್ಲ ಮೇಲೆ, ಆಕಾಶಕ್ಕೆ ನೆಟ್ಟಗೆ, ನೂರಾ ಎಪ್ಪತ್ತು ಹುಟ್ಟುಗಳು, ಈ ಕಡಲಿನಲ್ಲಿ ಅದರ ಅರ್ಥ ಎಳೆ ಕೂಸಿಗೂ ಗೊತ್ತು, ನಾವು ಹೊಡೆಯುವುದಿಲ್ಲ, ಸೋತೆವು, ಒಳಗೆ ಬಿಡಿ, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ನೌಕಾಧಿಪತಿ ರಾಯಭಾರಿಯ ಮಾತಿಗೆ ಕಾಯಲಿಲ್ಲ, ಸರಪಳಿ ಇಳಿಸಿ ಎಂದೆ, ಜಾಡಿಗಳನ್ನು ಕಟ್ಟೆಗೆ ತನ್ನಿ, ಮನೆಯಲ್ಲಿದ್ದ ಹೂಜಿಗಳನ್ನೆಲ್ಲ ತನ್ನಿ ಎಂದೆ, ಹೆಂಗಸರು ಆಗಲೇ ಮೆಟ್ಟಿಲಿಳಿದು ಓಡುತ್ತಿದ್ದಾರೆ, ಲಾನಿಕೆ, ಲಾನಿಕೆ ಎಂದು ಹಿಂದಿನಿಂದ ಊರು ನನ್ನ ಹೆಸರು ಕೂಗುತ್ತಿದೆ, ಯಾರ ಹೆಂಡತಿ ಎಂದಲ್ಲ, ಯಾರ ಮಗಳು ಎಂದಲ್ಲ, ಬರೀ ಲಾನಿಕೆ, ಅದೆಯಾ ನನ್ನ ಪಕ್ಕಕ್ಕೆ ಬಂದು ನಿಂತಳು, ಅಮ್ಮ, ಎಷ್ಟೊಂದು ಅಂದಳು, ಎಷ್ಟೊಂದು, ಹೌದು, ಒಂದರ ಹಿಂದೆ ಒಂದು, ಎತ್ತಿ ಹಿಡಿದ ಹುಟ್ಟುಗಳು, ಕಡಲಿನಿಂದ ಆಗ ತಾನೇ ಎತ್ತಿದವು, ಅಲಗಿನಿಂದ ನೀರು ಇಳಿಯುತ್ತಿದೆ, ಬಿಸಿಲಿಗೆ ಹೊಳೆಯುತ್ತ ಹಿಡಿಯುದ್ದಕ್ಕೂ ಇಳಿದು ಅಂಬಿಗರ ಮುಖದ ಮೇಲೆ ತೊಟ್ಟಿಕ್ಕುತ್ತಿದೆ, ಉಪ್ಪುನೀರು, ಅವರು ತುಟಿ ಬಿಗಿದುಕೊಂಡಿದ್ದಾರೆ, ಯಾರೂ ಕೈ ಇಳಿಸುತ್ತಿಲ್ಲ, ಎತ್ತಿದ ಹುಟ್ಟುಗಳು, ಅಲಗಿನಿಂದ ಇಳಿಯುವ ನೀರು, ಎತ್ತಿದ ಹುಟ್ಟುಗಳು, ನೀರು —